ಕೈಯಿಂದ ಓಡಿಸಿದರೆ ಓಡುತ್ತದೆ, ವೆಬ್‌ನಲ್ಲಿ 500

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ನಾವು ಸಣ್ಣ ಪುಟ ಮಾಡಿಕೊಟ್ಟಿದ್ದೇವೆ. ಹರಾಜು ಆದಂತೆ 15 ಕೆಜಿ ಬಾಕ್ಸಿನ ರೇಟು ಅದರಲ್ಲಿ ಬರುತ್ತದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ರೈತರು ಅದನ್ನು ನೋಡಿಯೇ ನಾಳೆ ಕಾಯಿ ಕೀಳಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತಾರೆ. ಪುಟದ ಹಿಂದೆ ಕೆಲಸ ಮಾಡುವುದು ಅಪಾಚೆ ಅನ್ನುವ ವೆಬ್ ಸರ್ವರ್, ಪರ್ಲ್ ಭಾಷೆಯಲ್ಲಿ ಬರೆದ ಒಂದು ಸಿಜಿಐ ಸ್ಕ್ರಿಪ್ಟ್ (ಯಾರಾದರೂ ಪುಟ ತೆರೆದಾಗ ಸರ್ವರ್ ಓಡಿಸುವ ಸಣ್ಣ ಪ್ರೋಗ್ರಾಂ).

ಜುಲೈ ತಿಂಗಳು, ಒಳ್ಳೆ ಸೀಸನ್. ಬೆಳಿಗ್ಗೆಯೇ ಮಂಡಿ ಯಜಮಾನರ ಫೋನ್ ಬಂತು. "ಸಾರ್, ರೇಟು ಬರ್ತಿಲ್ಲ. ಏನೋ 500 ಅಂತ ತೋರಿಸ್ತಿದೆ. ರೈತರೆಲ್ಲ ನಂಗೇ ಫೋನ್ ಮಾಡ್ತಿದ್ದಾರೆ." 500 ಅಂದರೆ ಸರ್ವರ್ ಒಳಗೇ ಏನೋ ತಪ್ಪಾಗಿದೆ ಅಂತ.

ಹಿಂದಿನ ಸಂಜೆ ನಮ್ಮ ಹುಡುಗ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಂದೇ ಒಂದು ಸಾಲು ತಿದ್ದಿ ಅಪ್‌ಲೋಡ್ ಮಾಡಿದ್ದ. ರೇಟಿನ ಫೈಲ್ ಇರುವ ಜಾಗ ಬದಲಿಸಿದ್ದ, ಅಷ್ಟೆ. "ಅಣ್ಣ, ಸರ್ವರ್‌ನಲ್ಲೇ ಓಡಿಸಿ ನೋಡಿದೆ, ಸರಿಯಾಗಿ ಬಂತು" ಅಂದ. ನಿಜವೇ. ನಾನು ಓಡಿಸಿದಾಗಲೂ ಬಂತು.

ಮೊದಲ ಅರ್ಧ ಗಂಟೆ ನಾನು ಹಾಳು ಮಾಡಿದೆ. ಕೋಡ್ ಓದಿದೆ, ಫೈಲಿನ ಅನುಮತಿ 755 (ಎಲ್ಲರೂ ಓದಿ ಓಡಿಸಬಹುದು, ತಿದ್ದುವುದು ಮಾಲೀಕ ಮಾತ್ರ) ಇದೆಯಾ ನೋಡಿದೆ, ಅಪಾಚೆ ರೀಸ್ಟಾರ್ಟ್ ಮಾಡಿದೆ. 777 ಕೊಡೋಣ್ವಾ ಅಂತ ಹುಡುಗ ಕೇಳಿದ. ಬೇಡ ಅಂದೆ. ಹಾಗೆ ಕೊಟ್ಟರೆ ಆ ಮಷೀನ್‌ನಲ್ಲಿರುವ ಯಾರು ಬೇಕಾದರೂ ಸ್ಕ್ರಿಪ್ಟ್ ತಿದ್ದಬಹುದು. ಸ್ಕ್ರಿಪ್ಟನ್ನು ಅದರ ಮಾಲೀಕನ ಹೆಸರಲ್ಲಿ ಓಡಿಸುವ ಅಪಾಚೆಯ ಸುಎಕ್ಸೆಕ್ ಹಾಕಿರುವ ಕಡೆ ಅಂಥ ಸ್ಕ್ರಿಪ್ಟನ್ನು ಓಡಿಸುವುದೇ ಇಲ್ಲ.

ಆಮೇಲೆ ಸರ್ವರ್ ತಪ್ಪುಗಳನ್ನು ಬರೆದಿಡುವ ಎರರ್ ಲಾಗ್ ತೆಗೆದೆ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ', ಅಂದರೆ ಅಂಥ ಫೈಲೇ ಇಲ್ಲ ಅಂತ ಇತ್ತು. ಫೈಲ್ ಕಣ್ಣೆದುರೇ ಇದೆಯಲ್ವಾ? ಇಲ್ಲದಿದ್ದದ್ದು ಸ್ಕ್ರಿಪ್ಟ್ ಅಲ್ಲ, ಅದರ ಮೊದಲ ಸಾಲಿನಲ್ಲಿ ಬರೆದಿರುವ, ಅದನ್ನು ಓಡಿಸುವ ಪರ್ಲ್ ಪ್ರೋಗ್ರಾಂನ ದಾರಿ. ವಿಂಡೋಸ್ ಸಾಲಿನ ಕೊನೆಗೆ ಎರಡು ಅಕ್ಷರ ಇಡುತ್ತದೆ, ನಮ್ಮ ಸರ್ವರ್‌ನಲ್ಲಿರುವ ಲಿನಕ್ಸ್ ಒಂದೇ. ಆ ಹೆಚ್ಚಿನ ಒಂದು ಅಕ್ಷರ ಪರ್ಲ್ ಹೆಸರಿಗೆ ಅಂಟಿಕೊಂಡಿತ್ತು. ಅಂಥ ಹೆಸರಿನ ಪ್ರೋಗ್ರಾಂ ಎಲ್ಲಿ ಹುಡುಕಿದರೂ ಸಿಗಲ್ಲ. ಕಾಣದ ಅಕ್ಷರಗಳನ್ನೂ ತೋರಿಸುವ 'ಕ್ಯಾಟ್ -ಎ' (ದೊಡ್ಡಕ್ಷರದ ಎ) ಆಜ್ಞೆ ಕೊಟ್ಟಾಗ ಪ್ರತಿ ಸಾಲಿನ ಕೊನೆಯಲ್ಲೂ ಅದು ಕಾಣಿಸಿತು.

ಹಾಗಾದರೆ ನಮ್ಮ ಕೈಯಲ್ಲಿ ಹೇಗೆ ಓಡಿತು? ನಾವು 'ಪರ್ಲ್' ಅಂತ ಟೈಪ್ ಮಾಡಿ ಮುಂದೆ ಫೈಲ್ ಹೆಸರು ಕೊಟ್ಟಿದ್ದೆವು. ಆಗ ಆ ಮೊದಲ ಸಾಲಿನ ದಾರಿ ಹಿಡಿದು ಹೋಗುವ ಕೆಲಸವೇ ಬರಲ್ಲ. ಚುಕ್ಕಿ, ಓರೆಗೆರೆ ಹಾಕಿ ಫೈಲನ್ನೇ ನೇರವಾಗಿ ಓಡಿಸಿದ್ದರೆ ಸಂಜೆಯೇ ಗೊತ್ತಾಗುತ್ತಿತ್ತು.

ಸಾಲಿನ ಕೊನೆಗಳನ್ನು ಲಿನಕ್ಸ್ ರೀತಿಗೆ ಬದಲಿಸುವ ಡಾಸ್‌ಟುಯೂನಿಕ್ಸ್‌ನಿಂದ ಸರಿ ಮಾಡಿದೆ. ಮತ್ತೆ 500! ಆದರೆ ಲಾಗ್‌ನಲ್ಲಿ ಈಗ ಬೇರೆ ಮಾತು: 'ಪರ್ಮಿಷನ್ ಡಿನೈಡ್', ಅನುಮತಿ ಇಲ್ಲ ಅಂತ. ಹುಡುಗ ರೇಟಿನ ಫೈಲನ್ನು ತನ್ನ ಹೋಮ್ ಫೋಲ್ಡರ್‌ನಲ್ಲಿ ಇಟ್ಟಿದ್ದ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ 21.04 ಆವೃತ್ತಿಯಿಂದ ಈಚೆಗೆ ಹೊಸ ಹೋಮ್ ಫೋಲ್ಡರ್‌ಗೆ ಅನುಮತಿ 750, ಬೇರೆಯವರಿಗೆ ಒಳಗೆ ಪ್ರವೇಶವಿಲ್ಲ. ಅಪಾಚೆ ಓಡುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನುವ ಬಳಕೆದಾರನ ಹೆಸರಿನಲ್ಲಿ. ಹುಡುಗನ ಲಾಗಿನ್‌ನಲ್ಲಿ ಸಿಗುವ ಫೈಲ್ ಅದಕ್ಕೆ ಸಿಗಲ್ಲ. ಫೈಲನ್ನು ಹಳೆಯ ಜಾಗಕ್ಕೇ ತಂದು ಸಾಲು ತಿದ್ದಿದ ಮೇಲೆ ರೇಟು ಬಂತು.

ಆ ಹೊತ್ತಿಗೆ ಹರಾಜು ಮುಕ್ಕಾಲು ಮುಗಿದಿತ್ತು. ಯಜಮಾನರಿಗೆ ನಾನೇ ಫೋನ್ ಮಾಡಿ ತಪ್ಪು ನಮ್ಮದು ಅಂತ ಹೇಳಿದೆ.

ಈಗ ಹುಡುಗನ ಎಡಿಟರ್‌ನಲ್ಲಿ ಸಾಲಿನ ಕೊನೆಯನ್ನು ಎಲ್‌ಎಫ್‌ಗೆ, ಅಂದರೆ ಲಿನಕ್ಸ್‌ನ ಆ ಒಂದೇ ಅಕ್ಷರಕ್ಕೆ ಇಟ್ಟಿದ್ದೇವೆ. ಅಪ್‌ಲೋಡ್ ಆದ ತಕ್ಷಣ ಸ್ಕ್ರಿಪ್ಟನ್ನು ಸುಡೊ ಆಜ್ಞೆ ಬಳಸಿ, ಅಪಾಚೆಯ ಬಳಕೆದಾರನ ಹೆಸರಲ್ಲೇ ನೇರವಾಗಿ ಒಮ್ಮೆ ಓಡಿಸುತ್ತೇವೆ. ಇನ್ನೊಂದು ಟರ್ಮಿನಲ್‌ನಲ್ಲಿ ಲಾಗ್ ತೆರೆದೇ ಇರುತ್ತದೆ.