ಒಂದನೇ ಕ್ಲಾಸಿಗೆ ಮುಂಚಿನ ಲೆಕ್ಕಾಚಾರ

ನಮ್ಮ ಮಗ ಹುಟ್ಟಿದ್ದು 2019ರ ಅಕ್ಟೋಬರ್‌ನಲ್ಲಿ. ನಮ್ಮತ್ತೆ ಆಗಲೇ ನಕ್ಷತ್ರ, ರಾಶಿ, ಪಾದ ಎಲ್ಲಾ ನೋಡಿ ಬರೆದಿಟ್ಟಿದ್ದರು. ಜೂನ್ 1ಕ್ಕೆ ಹುಡುಗನಿಗೆ ಎಷ್ಟು ವರ್ಷವಾಗುತ್ತೆ ಅಂತ ಮಾತ್ರ ಯಾರೂ ನೋಡಿರಲಿಲ್ಲ. ಕರ್ನಾಟಕದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಲೆಕ್ಕಕ್ಕೆ ಬರುವುದು ಅದೊಂದೇ ದಿನ.

ಮೊದಲು ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದ್ದರೆ ಒಂದನೇ ತರಗತಿಗೆ ಸೇರಿಸಬಹುದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರು ವರ್ಷ ಅಂದಿತು. ನಮ್ಮ ಸರ್ಕಾರವೂ 2022ರಲ್ಲಿ ಆದೇಶ ಹೊರಡಿಸಿತು. ಆಗ ಪೋಷಕರು ಗಲಾಟೆ ಮಾಡಿದ್ದಕ್ಕೆ ಅದನ್ನು 2025-26ಕ್ಕೆ ಮುಂದೂಡಿದರು. ಅಂದರೆ ಸರಿಯಾಗಿ ನಮ್ಮವನ ವರ್ಷಕ್ಕೆ. ಅವನು ಆಗಲೇ ಯುಕೆಜಿಯಲ್ಲಿದ್ದ. 2025ರ ಜೂನ್ 1ಕ್ಕೆ ಅವನಿಗೆ ಐದು ವರ್ಷ ಏಳು ತಿಂಗಳು. ನಿಯಮದ ಪ್ರಕಾರ ಇನ್ನೊಂದು ವರ್ಷ ಕಾಯಬೇಕು, ಕಾಯುವುದು ಎಲ್ಲಿ ಅಂತ ನಾವೇ ಯೋಚಿಸಬೇಕು.

ಹಾಗಾಗಿ 2024ರ ಡಿಸೆಂಬರ್‌ನ ಒಂದು ಶನಿವಾರ ನಾನು, ಇವರು, ಮಗ ಮೂರೂ ಜನ ಶಾಲೆ ನೋಡಲು ಹೊರಟೆವು. ಶನಿವಾರ ಅರ್ಧ ದಿನ ಶಾಲೆ ಇರುತ್ತೆ, ಮಕ್ಕಳಿರುವಾಗಲೇ ನೋಡಬಹುದು ಅನ್ನುವುದು ನನ್ನ ಯೋಚನೆ. ಖಾಲಿ ಕ್ಲಾಸ್‌ರೂಮು ತೋರಿಸಿದರೆ ಅದರಿಂದ ಏನು ತಿಳಿಯುತ್ತೆ, ಬೆಂಚು ಗಟ್ಟಿಯಾಗಿದೆ ಅಂತ ತಿಳಿಯುತ್ತೆ, ಅಷ್ಟೇ.

ಹೊರಡುವ ಮೊದಲೇ ಮನೆಯಲ್ಲಿ ಎರಡು ಪಕ್ಷ ಆಗಿತ್ತು. ಇವರದು, ಒಂದು ಸಲ ಸೇರಿಸಿದರೆ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ತಲೆನೋವಿರಬಾರದು ಅನ್ನುವ ಪಕ್ಷ. ಇವರ ಆಫೀಸಿನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರಂತೆ. ‘ಈಗ ಒಳ್ಳೇ ಶಾಲೆ ಸಿಗದಿದ್ರೆ ಆಮೇಲೆ ಸೀಟೇ ಸಿಗಲ್ಲ ಸಾರ್’ ಅಂತ. ನನಗೆ ಆ ಮಾತೇ ವಿಚಿತ್ರ ಅನಿಸುತ್ತಿತ್ತು. 2026ರಲ್ಲಿ ಒಂದನೇ ಕ್ಲಾಸು ಸೇರಿದವನು ಹತ್ತು ಮುಗಿಸುವುದು 2036ರ ಮಾರ್ಚಿಗೆ. ಇನ್ನೂ ಚಪ್ಪಲಿ ಎಡಬಲ ಗೊತ್ತಾಗದ ಹುಡುಗನಿಗೆ 2036ರಲ್ಲಿ ಯಾವ ಶಾಲೆ ಸರಿ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಮೊದಲು ಹೋಗಿದ್ದು ದೊಡ್ಡ ಶಾಲೆಗೆ. ಹೆಸರು ಬೇಡ. ರಿಸೆಪ್ಷನ್‌ನಲ್ಲೇ ಮೀನಿನ ತೊಟ್ಟಿ, ಗೋಡೆ ತುಂಬ ಟ್ರೋಫಿ, ಎ.ಸಿ. ನಮ್ಮನ್ನು ಒಂದು ರೂಮಿಗೆ ಕರೆದು ಕೂರಿಸಿದರು. ‘ಇಂಟರಾಕ್ಷನ್’ ಅಂದರು. ಮೇಡಂ ಒಬ್ಬರು ಬಣ್ಣದ ಬ್ಲಾಕುಗಳನ್ನು ಟೇಬಲ್ ಮೇಲೆ ಸುರಿದು, ‘ವಿಚ್ ಒನ್ ಈಸ್ ಯೆಲ್ಲೋ?’ ಅಂದರು. ನಮ್ಮವನು ಬ್ಲಾಕು ನೋಡಲೇ ಇಲ್ಲ. ‘ಹೊರಗಡೆ ಮೀನಿದೆಯಲ್ಲ, ಅದಕ್ಕೆ ಹೆಸರಿದ್ಯಾ ಆಂಟಿ?’ ಅಂತ ಕೇಳಿದ. ಅವರು ನಗಲಿಲ್ಲ. ಹಾಳೆಯ ಮೇಲೆ ಒಂದು ಟಿಕ್ ಹಾಕಿದರು, ಅದು ಯಾವ ಕಾಲಂ ಅಂತ ನನಗೆ ಕಾಣಿಸಲಿಲ್ಲ. ಆಮೇಲೆ ನಮ್ಮಿಬ್ಬರ ಓದು, ಕೆಲಸ, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅನ್ನುವ ವಿಚಾರಣೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಹೀಗೆ ಜರಡಿ ಹಿಡಿಯುವಂತಿಲ್ಲ. ಹಿಡಿದರೆ ಮೊದಲ ಸಲ 25,000 ರೂಪಾಯಿ ತನಕ ದಂಡ, ಮುಂದಿನ ಪ್ರತಿ ಸಲಕ್ಕೂ 50,000 ತನಕ. ಡೊನೇಶನ್ ಕೇಳಿದರೆ ಅದರ ಹತ್ತು ಪಟ್ಟು. ‘ಇದು ಆಯ್ಕೆ ಮಾಡೋದಕ್ಕಾ ಮೇಡಂ?’ ಅಂತ ಕೇಳಿದೆ. ‘ಅಯ್ಯೋ ಇಲ್ಲ, ಮಗುವಿನ ಪರಿಚಯ ಅಷ್ಟೇ’ ಅಂದರು. ಹಾಗೇ ಅಂದುಕೊಂಡೆ. ಇವರು ಟೇಬಲ್ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು.

ಬೋರ್ಡಿನ ಮೇಲೆ ಸಿಬಿಎಸ್‌ಇ ಅಂತ ದೊಡ್ಡದಾಗಿ ಬರೆದಿತ್ತು. ಅಫಿಲಿಯೇಶನ್ ನಂಬರ್ ಕೇಳಿದರೆ ಕೊಡಬೇಕಾದವರು ಅಂದು ರಜೆಯಲ್ಲಿದ್ದರು. ಈ ಪ್ರಶ್ನೆ ಕೇಳುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ. 2023ರ ಆರಂಭದಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಶಾಲೆ ಗೇಟಿನ ಮುಂದೆ ಪ್ರತಿಭಟನೆ ಮಾಡಿದ್ದು ಇದಕ್ಕೇ. ಸಿಬಿಎಸ್‌ಇ ಅಂತ ದುಡ್ಡು ಕಟ್ಟಿಸಿಕೊಂಡ ಶಾಲೆಗೆ ರಾಜ್ಯ ಸರ್ಕಾರದ ಮಾನ್ಯತೆ ಮಾತ್ರ ಇತ್ತು. ಅಫಿಲಿಯೇಶನ್ ಇದೆಯೋ ಇಲ್ಲವೋ ಅಂತ ಸಿಬಿಎಸ್‌ಇ ವೆಬ್‌ಸೈಟಿನಲ್ಲೇ ಹುಡುಕಬಹುದು. ಎಲ್ಲಾ ಶಾಲೆಗಳಿಗೂ ಯು-ಡೈಸ್ ಕೋಡ್ ಅಂತ 11 ಅಂಕಿಯ ಗುರುತಿನ ಸಂಖ್ಯೆ ಇರುತ್ತೆ, ಅದನ್ನೂ ಕೇಳಿ ಬರೆದುಕೊಂಡರೆ ಒಳ್ಳೆಯದು.

ಫೀಸು ವರ್ಷಕ್ಕೆ 1.2 ಲಕ್ಷ, ಬಸ್ಸು ಬೇರೆ. ಪ್ರತಿ ವರ್ಷ ಹತ್ತು ಪರ್ಸೆಂಟ್ ಏರುತ್ತೆ ಅಂತ ಅವರೇ ಸಲೀಸಾಗಿ ಹೇಳಿದರು. ಪಾರ್ಕಿಂಗ್‌ನಲ್ಲಿ ನಿಂತು ಇವರು ಫೋನು ತೆಗೆದು ಗುಣಿಸಿದರು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಆ ಒಂದು ವರ್ಷದ ಫೀಸೇ 2.83 ಲಕ್ಷ. ಹತ್ತು ವರ್ಷದ್ದು ಕೂಡಿದರೆ 19 ಲಕ್ಷದ ಮೇಲೆ. ಇನ್ನೊಂದು ಸಲ ಗುಣಿಸಿದರು. ಅಷ್ಟೇ ಬಂತು. ‘ತಲೆನೋವಿಲ್ಲ ಅಂದ್ರಲ್ಲ’ ಅಂದೆ. ಸುಮ್ನೆ ಗಾಡಿ ಸ್ಟಾರ್ಟ್ ಮಾಡಿದರು.

ನಿಜ ಹೇಳಬೇಕೆಂದರೆ ದುಡ್ಡಿಗಿಂತ ನನ್ನನ್ನು ಕಾಡಿದ್ದು ಬಸ್ಸು. ನಮ್ಮ ಬಡಾವಣೆಗೆ ಬರುವುದು ಬೆಳಗ್ಗೆ 7.10ಕ್ಕೆ. ಊರು ಸುತ್ತಿ ಶಾಲೆ ಮುಟ್ಟುವುದಕ್ಕೆ ಒಂದು ಗಂಟೆ, ಸಂಜೆ ಮತ್ತೆ ಒಂದು ಗಂಟೆ. ಗೇಟಿನ ಹೊರಗೆ ನಿಂತಿದ್ದ ವ್ಯಾನ್ ಡ್ರೈವರ್‌ನ ಮಾತಾಡಿಸಿದೆ. ‘ಚಿಕ್ಕವು ಬರ್ತಾ ಪೂರ್ತಿ ನಿದ್ದೆ ಅಕ್ಕಾ. ಮನೆ ಹತ್ರ ಎತ್ಕೊಂಡು ಇಳಿಸ್ಬೇಕು’ ಅಂದ. ಒಳಗೆ ಕೊಟ್ಟ ಹೊಳೆಯುವ ಪುಸ್ತಕದಲ್ಲಿ ಇದೊಂದು ಇರಲಿಲ್ಲ. ಶಾಲೆ ನೋಡಲು ಹೋದವರು ಪ್ರಿನ್ಸಿಪಾಲರ ಜೊತೆ ಐದು ನಿಮಿಷ ಕಮ್ಮಿ ಮಾತಾಡಿದರೂ ಪರವಾಗಿಲ್ಲ, ಡ್ರೈವರ್ ಮತ್ತು ಆಯಾ ಜೊತೆ ಮಾತಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಎರಡನೆಯದು ನಮ್ಮ ಮನೆಗೆ ನಡೆದು ಹೋಗುವಷ್ಟು ಹತ್ತಿರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರ ತನಕ ಒಂದು ಕಿಲೋಮೀಟರ್ ಒಳಗೇ ಶಾಲೆ ಇರಬೇಕು ಅನ್ನುವುದು ನಿಯಮ, ಇದು ಅದಕ್ಕಿಂತ ಹತ್ತಿರ. ಇವರಿಗೆ ಮನಸ್ಸಿರಲಿಲ್ಲ, ದಾರಿಯಲ್ಲಿದೆ ಅಂತ ಬಂದರು.

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನಲಿ-ಕಲಿಗೆ ಕೂತಿದ್ದರು. ನಲಿ-ಕಲಿ ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ, 1995ರಲ್ಲಿ. ಆಮೇಲೆ ರಾಜ್ಯದ ಎಲ್ಲಾ ಸರ್ಕಾರಿ ಶಾಲೆಗಳಿಗೂ ಬಂತು. ಮಕ್ಕಳು ಸಾಲಾಗಿ ಕೂರುವುದಿಲ್ಲ, ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡಿಕೊಂಡು ಮಗುವೇ ಆ ಕಾರ್ಡು ತಂದುಕೊಳ್ಳಬೇಕು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಬರೆದ ಚಿತ್ರಗಳ ತೋರಣ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಸಿಗುವಂತೆ ಕಪ್ಪುಹಲಗೆ. ನಮ್ಮವನು ನಾವು ತಡೆಯುವ ಮೊದಲೇ ಹೋಗಿ ಒಬ್ಬ ಹುಡುಗಿಯ ಪಕ್ಕ ಕೂತು ಸೀಮೆಸುಣ್ಣ ತಗೊಂಡ. ಅವಳು ಅವನಿಗೆ ‘ರ’ ತಿದ್ದಿಸಲು ಶುರು ಮಾಡಿದಳು. ಟೀಚರ್ ನೆಲದ ಮೇಲೆ ಕೂತಿದ್ದವರು ತಲೆಯೆತ್ತಿ, ‘ಬಿಡಿ ಮೇಡಂ, ಅವರೇ ನೋಡ್ಕೊಳ್ತಾರೆ’ ಅಂದರು.

ನನಗೆ ಆ ಕೋಣೆ ತುಂಬಾ ಇಷ್ಟವಾಯಿತು. ಆದರೆ ಹೆಡ್‌ಮಾಸ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಅರವತ್ತು ಮಕ್ಕಳ ತನಕ ಇಬ್ಬರೇ ಶಿಕ್ಷಕರು ಅನ್ನುವುದು ಲೆಕ್ಕ. ಹೆಡ್‌ಮಾಸ್ಟರು ಮತ್ತು ಆ ಟೀಚರ್. ಚುನಾವಣೆ, ಗಣತಿ ಅಂತ ಒಬ್ಬರನ್ನು ಕರೆದರೆ ಐದು ತರಗತಿಗೂ ಉಳಿಯುವವರು ಒಬ್ಬರೇ. ಮೇಲಾಗಿ ಆ ಟೀಚರ್‌ಗೆ ವರ್ಗಾವಣೆ ಆಗುವುದರಲ್ಲಿತ್ತು. ‘ಮುಂದಿನ ವರ್ಷ ಯಾರು ಬರ್ತಾರೋ ನಾನು ಹೇಳಕ್ಕಾಗಲ್ಲಮ್ಮ, ನೋಡಿ ಯೋಚನೆ ಮಾಡಿ’ ಅಂದರು. ಅಂದು ನಾವು ಕೇಳಿದ ಮಾತುಗಳಲ್ಲೆಲ್ಲ ಅತಿ ಪ್ರಾಮಾಣಿಕವಾದದ್ದು ಅದೇ. ನಮ್ಮ ಮನೆ ಕೆಲಸಕ್ಕೆ ಬರುವಾಕೆಗೆ ಈ ಯೋಚನೆ ಮಾಡುವ ಅನುಕೂಲವೇ ಇಲ್ಲ, ಅವಳ ಇಬ್ಬರು ಮಕ್ಕಳೂ ಅಲ್ಲೇ ಓದುತ್ತಿದ್ದಾರೆ.

ಮೂರನೆಯದು ಒಂದು ಟ್ರಸ್ಟಿನವರು ನಡೆಸುವ ಚಿಕ್ಕ ಶಾಲೆ. ಎಲ್‌ಕೆಜಿಯಿಂದ ಏಳನೇ ಕ್ಲಾಸಿನ ತನಕ. ರಾಜ್ಯದ ಪಠ್ಯ, ಇಂಗ್ಲಿಷ್ ಮಾಧ್ಯಮ, ಕನ್ನಡ ಮೊದಲ ಭಾಷೆ. ಮನೆಯಿಂದ ನಡೆದರೆ ಹದಿನೈದು ನಿಮಿಷ. ಹಳೇ ಹೆಂಚಿನ ಕಟ್ಟಡ, ಮುಂದೆ ಒಂದು ನೇರಳೆ ಮರ. ಇವರ ಮುಖ ಸಪ್ಪಗಾಯಿತು.

ನಾನು ಮೊದಲು ಕೇಳಿದ್ದು ಟಾಯ್ಲೆಟ್ ಎಲ್ಲಿ ಅಂತ. ಮಗನಿಗೆ ಬಂದಿದೆ ಅಂತ ಸುಳ್ಳು ಹೇಳಿ ನಾನೇ ಒಳಗೆ ಹೋದೆ. ನೆಲ ಒದ್ದೆ ಇತ್ತು, ಆದರೆ ತೊಳೆದು ಒದ್ದೆಯಾದದ್ದು. ಬಕೆಟ್ಟಿನಲ್ಲಿ ನೀರು, ಪಕ್ಕದಲ್ಲಿ ಮಗ್ಗು. ಬಾಗಿಲಿಗೆ ಎರಡು ಚಿಲಕ. ಮೇಲಿನದು ಜಾಮ್ ಆಗಿತ್ತು. ಕೆಳಗೆ ಮಕ್ಕಳ ಸೊಂಟದ ಎತ್ತರಕ್ಕೆ ಇನ್ನೊಂದು ಸಣ್ಣ ಚಿಲಕ ಹೊಸದಾಗಿ ಹಾಕಿಸಿದ್ದರು, ಒಂದು ಬೆರಳಿನಲ್ಲಿ ತೆಗೆಯುವಂಥದ್ದು. ಯಾವುದೋ ಮಗು ಒಳಗೆ ಸಿಕ್ಕಿಹಾಕಿಕೊಂಡು ಅತ್ತಿರಬೇಕು, ಅದನ್ನು ಯಾರೋ ಮನಸ್ಸಿಗೆ ಹಚ್ಚಿಕೊಂಡು ಬಡಗಿಯನ್ನು ಕರೆಸಿದ್ದಾರೆ ಅಂದುಕೊಂಡೆ. ನೀರಿನ ನಲ್ಲಿಯ ಕೆಳಗೆ ಒಂದು ಕಲ್ಲು ಮೆಟ್ಟಿಲು, ಕುಳ್ಳ ಮಕ್ಕಳಿಗೆ. ನನ್ನ ತೀರ್ಮಾನ ಅರ್ಧ ಅಲ್ಲೇ ಆಗಿಹೋಗಿತ್ತು.

ಒಂದನೇ ಕ್ಲಾಸಿನಲ್ಲಿ 34 ಮಕ್ಕಳಿದ್ದರು. ಮೂವತ್ತಕ್ಕೆ ಒಬ್ಬರು ಶಿಕ್ಷಕರು ಅನ್ನುವ ಲೆಕ್ಕಕ್ಕೆ ಸ್ವಲ್ಪ ಜಾಸ್ತಿ. ಬಾಗಿಲ ಹತ್ತಿರದ ಒಂದು ಬ್ಯಾಗು ಎತ್ತಿ ನೋಡಿದೆ. ಒಂದು, ಎರಡನೇ ಕ್ಲಾಸಿನ ಬ್ಯಾಗು ಎರಡು ಕೆ.ಜಿ. ದಾಟಬಾರದು ಅಂತ 2019ರಲ್ಲೇ ಸರ್ಕಾರ ಸುತ್ತೋಲೆ ಕಳಿಸಿದೆ. ಅದರಷ್ಟೇ ಇತ್ತು, ಅದರಲ್ಲಿ ಅರ್ಧ ನೀರಿನ ಬಾಟ್ಲಿ. ಮಿಸ್ ಒಬ್ಬ ಹುಡುಗನ ಶೂ ಲೇಸ್ ಕಟ್ಟುತ್ತಲೇ ಇನ್ನೊಬ್ಬನಿಗೆ ಮಗ್ಗಿ ಹೇಳಿಸುತ್ತಿದ್ದರು. ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳಿದೆ. ‘ಇವನಪ್ಪನಿಗೂ ನಾನೇ ಮಿಸ್ಸು’ ಅಂತ ಲೇಸಿನ ಹುಡುಗನನ್ನು ತೋರಿಸಿದರು. ಸಂಬಳ ಕಮ್ಮಿ ಕೊಡುವ ಶಾಲೆಗಳಲ್ಲಿ ಟೀಚರುಗಳು ವರ್ಷವರ್ಷ ಬದಲಾಗುತ್ತಾರೆ. ಇಲ್ಲಿ ಹಾಗಾಗಿಲ್ಲ ಅಂದರೆ ಏನೋ ಸರಿಯಾಗಿದೆ.

ಮಾಧ್ಯಮದ ಬಗ್ಗೆ ರಾತ್ರಿ ಸ್ವಲ್ಪ ಮಾತಾಯಿತು. ನಾನು ಏಳರ ತನಕ ಕನ್ನಡದಲ್ಲೇ ಓದಿದವಳು, ಇವರು ಮೊದಲಿಂದ ಇಂಗ್ಲಿಷ್. ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಒತ್ತಾಯ ಮಾಡುವಂತಿಲ್ಲ, ಅದು ಪೋಷಕರ ಆಯ್ಕೆ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿಬಿಟ್ಟಿದೆ. ಆಯ್ಕೆ ಕೈಗೆ ಬಂದರೆ ಸಾಕಾ, ಮಾಡುವವರಿಗೆ ಧೈರ್ಯವೂ ಬೇಕಲ್ವಾ. ನಮ್ಮ ಸುತ್ತಮುತ್ತ ಖಾಸಗಿ ಕನ್ನಡ ಮಾಧ್ಯಮವೇ ಉಳಿದಿಲ್ಲ. ಕನ್ನಡ ಮೊದಲ ಭಾಷೆಯಾಗಿರಲಿ, ಮನೆಯಲ್ಲಿ ಕಥೆ ಪುಸ್ತಕ ನಾನು ಓದಿಸುತ್ತೇನೆ ಅನ್ನುವಲ್ಲಿಗೆ ಮಾತು ನಿಂತಿತು.

ಜನವರಿಯಲ್ಲಿ ಆ ಚಿಕ್ಕ ಶಾಲೆಗೆ ಅರ್ಜಿ ಹಾಕಿದೆವು, ಒಂದನೇ ಕ್ಲಾಸಿಗಲ್ಲ, ಯುಕೆಜಿಗೆ. ಇನ್ನೊಂದು ವರ್ಷ ಹೇಗೂ ಯುಕೆಜಿಯಲ್ಲೇ ಕೂರಬೇಕು ಅಂದಮೇಲೆ ಹಳೇ ಜಾಗದಲ್ಲಿ ಚಿಕ್ಕ ಮಕ್ಕಳ ಜೊತೆ ಕೂರುವುದಕ್ಕಿಂತ ಹೊಸ ಜಾಗದಲ್ಲಿ ಕೂರಲಿ ಅನ್ನುವುದು ನನ್ನ ಐಡಿಯಾ. ಜನನ ಪ್ರಮಾಣ ಪತ್ರ, ಆಧಾರ್, ಫೋಟೋ, ಎಲ್ಲಾ ಕೊಟ್ಟು ಒಂದು ಕಂತು ಫೀಸೂ ಕಟ್ಟಿದೆವು. ವರ್ಷದ ಫೀಸು ದೊಡ್ಡ ಶಾಲೆಯದರ ಮೂರನೇ ಒಂದು ಭಾಗವೂ ಇಲ್ಲ.

ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವರು ನಿಯಮ ಸಡಿಲಿಸಿದರು. ಯುಕೆಜಿ ಮುಗಿಸಿದ್ದು, ಜೂನ್ 1ಕ್ಕೆ 5 ವರ್ಷ 5 ತಿಂಗಳಾಗಿದ್ದರೆ ಈ ಒಂದು ವರ್ಷ ಮಾತ್ರ ಒಂದನೇ ತರಗತಿಗೆ ಸೇರಿಸಬಹುದು ಅಂತ. ನಮ್ಮವನ ಯುಕೆಜಿ ಗೆಳೆಯರ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಪಟಾಕಿ ಚಿತ್ರಗಳೇ ಚಿತ್ರಗಳು. ಎರಡೇ ದಿನದಲ್ಲಿ ಅವರೆಲ್ಲ ಒಂದನೇ ಕ್ಲಾಸಿಗೆ ಹೊರಟರು. ಇವರೂ ಆಸೆಪಟ್ಟರು. ‘ಒಂದು ವರ್ಷ ಉಳಿಯುತ್ತಲ್ಲ?’ ಅಂದರು. ಯಾವುದಕ್ಕೆ ಉಳಿಸಬೇಕು ಅಂತ ಕೇಳಿದೆ. ಪೆನ್ಸಿಲ್ ಹಿಡಿದರೆ ಇನ್ನೂ ಕೈ ನೋಯುತ್ತೆ ಅನ್ನುತ್ತಾನೆ, ಮಧ್ಯಾಹ್ನ ನಿದ್ದೆ ಬೇಕು. ಆರು ತುಂಬಿದ ಮೇಲೇ ಹೋಗಲಿ ಅಂತ ನಾನು ಕೂತುಬಿಟ್ಟೆ. ನಮ್ಮತ್ತೆ ಯಾವತ್ತೂ ಮಗನ ಕಡೆಯೇ, ಅವತ್ತೊಂದು ದಿನ ನನ್ನ ಕಡೆ ಬಂದರು.

ಮಗನಿಗೆ ಹೇಳುವುದೇ ಕಷ್ಟವಾಗಿದ್ದು. ಎದುರು ಮನೆಯ ಹುಡುಗ ಏನು ಹೇಳಿದನೋ, ಒಂದು ಸಂಜೆ ಬಂದು, ‘ಅಮ್ಮ, ನಾನು ಫೇಲಾ?’ ಅಂತ ಕೇಳಿದ. ಇಲ್ಲ ಕಂದ, ನೀನು ಹೊಸ ಶಾಲೆಗೆ ಹೋಗ್ತಿದ್ದೀಯ, ಅಲ್ಲಿ ನಿನ್ನ ಕ್ಲಾಸಿನವರೆಲ್ಲ ಹೊಸಬರು ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಮರ ಇರೋ ಶಾಲೆನಾ ಅಂದ. ಹೌದು ಅಂದೆ. ಮತ್ತೆ ಆ ಪ್ರಶ್ನೆ ಬರಲಿಲ್ಲ. ಈಗ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ತಾನೇ ಅನ್ನುವ ಜಂಬ ಬೇರೆ.

ಇವರ ಆಫೀಸಿನವರು ಈಗಲೂ ಬಿಟ್ಟಿಲ್ಲ. ‘ಏಳರ ತನಕ ಸರಿ ಸಾರ್, ಎಂಟಕ್ಕೆ ಏನ್ ಮಾಡ್ತೀರಿ?’ ಅಂತ ಕೇಳುತ್ತಾರಂತೆ. ಏಳು ಮುಗಿಯುವುದು 2033ರ ಮಾರ್ಚಿಗೆ. ಫೀಸಿನಲ್ಲಿ ಉಳಿಯುವ ದುಡ್ಡಿನಲ್ಲಿ ತಿಂಗಳಿಗಿಷ್ಟು ಅಂತ ಆರ್‌ಡಿ ಶುರು ಮಾಡಿದ್ದೇವೆ, ಅದು ಹೈಸ್ಕೂಲಿಗೆ. ಐದು ಮುಗಿದಾಗ ಒಂದು ಸಲ ಕೂತು ಮಾತಾಡುವುದು, ಏಳಕ್ಕೆ ಬಂದಾಗ ಶಾಲೆ ಹುಡುಕುವುದು ಅಂತ ಕ್ಯಾಲೆಂಡರಿನಲ್ಲಿ ಬರೆಯಲಾಗದೆ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ. ಅಷ್ಟು ಹೊತ್ತಿಗೆ ಅವನಿಗೆ ಹದಿಮೂರು. ಆಗ ಶಾಲೆ ನೋಡಲು ಹೊರಟರೆ ನಾವು ಗಾಡಿ ಓಡಿಸಿದರೆ ಸಾಕು, ಪ್ರಶ್ನೆ ಅವನೇ ಕೇಳುತ್ತಾನೆ.