ಎರಡು ಮನೆಗಳ ಐದು ಶಿಲಿಂಗ್

ವಿಕ್ಟೋರಿಯಾ ಕಾಲದ ಕಾದಂಬರಿಗಳ ಸಮಾಜವಿಮರ್ಶೆ ಎಂದೊಡನೆ ಡಿಕನ್ಸ್‌ನ ಹೆಸರು ಮುಂದೆ ಬರುತ್ತದೆ. ನೆರವು ಬೇಡಿದ ಬಡವರನ್ನು ದುಡಿಮೆಮನೆಗಳಿಗೆ ತಳ್ಳಿದ 1834ರ ಬಡವರ ಕಾಯ್ದೆಯ ಕ್ರೌರ್ಯವನ್ನು ‘ಆಲಿವರ್ ಟ್ವಿಸ್ಟ್’ನಲ್ಲಿ ಆತ ಬಯಲಿಗೆಳೆದುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಕಲಬುರಗಿಯ ಪದವಿ ತರಗತಿಯಲ್ಲಿ ನಾನು ಪಾಠ ಆರಂಭಿಸುವುದು ಎಲಿಜಬೆತ್ ಗ್ಯಾಸ್ಕೆಲ್ 1848ರಲ್ಲಿ ಪ್ರಕಟಿಸಿದ ‘ಮೇರಿ ಬಾರ್ಟನ್’ನ ಆರನೆಯ ಅಧ್ಯಾಯದಿಂದ. ಊರಿನ ಹಳೆಯ ಬಟ್ಟೆ ಗಿರಣಿಯ ಸುತ್ತಲಿನ ಎಂ.ಎಸ್.ಕೆ. ಮಿಲ್ ಪ್ರದೇಶದಲ್ಲಿ ಬೆಳೆದ ಹುಡುಗರಿಗೆ, ಗಿರಣಿ ನಿಂತರೆ ಒಲೆಯೂ ಆರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯಾಂಚೆಸ್ಟರ್‌ನಲ್ಲಿ ಗಿರಣಿ ಸುಟ್ಟು ಕೆಲಸ ಕಳೆದುಕೊಂಡ ಡೇವನ್‌ಪೋರ್ಟ್ ಜ್ವರದಿಂದ ನೆಲಮಾಳಿಗೆಯಲ್ಲಿ ಮಲಗಿದ್ದಾನೆ. ಬೀದಿಯ ಕೊಳಚೆ ಜಿನುಗುವ ಇಟ್ಟಿಗೆ ನೆಲದ ಮೇಲೆ ಹಸಿದ ಮಕ್ಕಳು ಹೊರಳಾಡುತ್ತಿವೆ. ಇದನ್ನು ಕಂಡ ಮೇರಿಯ ತಂದೆ, ಗಿರಣಿ ಕಾರ್ಮಿಕ ಜಾನ್ ಬಾರ್ಟನ್ ತನ್ನ ಒಳ್ಳೆಯ ಕೋಟನ್ನೂ ಕೆಂಪು ಹಳದಿಯ ರೇಷ್ಮೆ ಕರವಸ್ತ್ರವನ್ನೂ ಗಿರವಿ ಇಟ್ಟು, ಬಂದ ಐದು ಶಿಲಿಂಗ್‌ಗಳಲ್ಲಿ ಮಾಂಸ, ಬ್ರೆಡ್ಡು, ಮೇಣದಬತ್ತಿ, ಕಲ್ಲಿದ್ದಲು ತರುತ್ತಾನೆ. ಆಸ್ಪತ್ರೆಗೆ ಸೇರಿಸಲು ಮಾಲೀಕರ ಚೀಟಿ ಬೇಕು. ಅದನ್ನು ಕೇಳಲು ಗೆಳೆಯ ವಿಲ್ಸನ್ ಹೋದಾಗ, ಮೂರು ವರ್ಷಕ್ಕೂ ಮೇಲ್ಪಟ್ಟು ತನ್ನಲ್ಲಿ ದುಡಿದವನ ಹೆಸರೇ ಮಾಲೀಕ ಕಾರ್ಸನ್‌ಗೆ ಗೊತ್ತಿಲ್ಲ. ಅದೆಲ್ಲ ಮೇಸ್ತ್ರಿಯ ಕೆಲಸವೆನ್ನುತ್ತಾನೆ. ಒಳರೋಗಿಯ ಚೀಟಿ ಸಿಗದೆ ಹೊರರೋಗಿಯ ಚೀಟಿಯಷ್ಟೇ ಸಿಗುತ್ತದೆ. ತಿಂಡಿ ಮುಗಿಸಿ ಎದ್ದ ಅವನ ಮಗ ಜೇಬಿನಿಂದ ಹಣ ತೆಗೆದುಕೊಡುತ್ತಾನೆ. ಅದೂ ಐದು ಶಿಲಿಂಗ್.

ಲೇಖಕಿ ಈ ಎರಡು ಮೊತ್ತಗಳನ್ನು ಎದುರುಬದುರು ನಿಲ್ಲಿಸಿ ಏನನ್ನೂ ಹೇಳುವುದಿಲ್ಲ, ಮತ್ತು ಆ ಮೌನದಷ್ಟು ತೀಕ್ಷ್ಣವಾದ ಟೀಕೆಯನ್ನು ನಾನು ಆ ಕಾಲದ ಬೇರೆ ಕಾದಂಬರಿಗಳಲ್ಲಿ ಕಂಡಿಲ್ಲ. ಅರ್ಥಶಾಸ್ತ್ರ ತನಗೇನೂ ತಿಳಿಯದೆಂದು ಮುನ್ನುಡಿಯಲ್ಲಿ ಬರೆದುಕೊಂಡವಳು ಆಕೆ! ಗುಳೆ ಹೋಗುವ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಇದನ್ನು ಓದಿ, “ನಮ್ಮಪ್ಪನ ಹೆಸರು ಗುತ್ತೇದಾರನ ವಹಿನಾಗ ಅಷ್ಟೇ ಅದ ಸರ್, ಕಟ್ಟಡದ ಮಾಲಕರಿಗಿ ಗೊತ್ತಿರಂಗಿಲ್ಲ” ಎಂದಳು. ಆಕೆಯ ಮಾತಿಗೆ ನಾನು ಸೇರಿಸಬೇಕಾದುದು ಏನೂ ಇರಲಿಲ್ಲ.

ಕಾದಂಬರಿಯ ಕೊನೆಯನ್ನು ಮಾತ್ರ ನಾನು ಒಪ್ಪಲಾರೆ. ಕಾರ್ಮಿಕರ ಮನವಿ ಹೊತ್ತು ಲಂಡನ್ನಿಗೆ ಹೋದ ಬಾರ್ಟನ್‌ನ ಮಾತನ್ನು ಸಂಸತ್ತು ಕೇಳುವುದಿಲ್ಲ. ಕಡೆಗೆ ಅವನು ಕಾರ್ಸನ್‌ನ ಮಗನನ್ನೇ ಕೊಲ್ಲುತ್ತಾನೆ. ಆಮೇಲೆ ಮಗನನ್ನು ಕಳೆದುಕೊಂಡ ಕಾರ್ಸನ್‌ನ ಕ್ಷಮೆ, ಆ ತಂದೆಯ ತೋಳಿನಲ್ಲೇ ಬಾರ್ಟನ್‌ನ ಸಾವು, ಮೇರಿಗೆ ಕೆನಡಾದಲ್ಲಿ ಹೊಸ ಬದುಕು. ಕ್ಷಮೆ ದೊಡ್ಡದು ನಿಜ, ಆದರೆ ಅದರಿಂದ ಕೂಲಿಯ ದರ ಏರಲಿಲ್ಲ, ಡೇವನ್‌ಪೋರ್ಟ್ ಮಲಗಿದ್ದ ನೆಲಮಾಳಿಗೆಯನ್ನು ಬೇರೊಬ್ಬ ಬಾಡಿಗೆಗೆ ಹಿಡಿಯುವುದೂ ತಪ್ಪಲಿಲ್ಲ.