ಪರ್ಸೆಂಟೇಜ್ ನೋಡಿದೆ, ಪೇಪರ್ ಓದಲಿಲ್ಲ

ಶಿವಮೊಗ್ಗದ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ನಮ್ಮ ಜರ್ನಲ್‌ಗೆ ಬರುವ ಪ್ರತಿ ಪೇಪರಿನ ಪ್ಲೇಜಿಯರಿಸಂ ಚೆಕ್, ಅಂದರೆ ಬೇರೆ ಬರಹದಿಂದ ಎಷ್ಟು ನಕಲಾಗಿದೆ ಅನ್ನುವ ಪರೀಕ್ಷೆ, ನನ್ನ ಲಾಗಿನ್‌ನಲ್ಲೇ ಆಗಬೇಕು. ಎಲ್ಲರೂ ಕೇಳುವುದು ಒಂದೇ, "ಮೇಡಂ, ಎಷ್ಟು ಪರ್ಸೆಂಟ್ ಬಂತು?"

ಜೂನ್‌ನಲ್ಲಿ ಒಂದೇ ದಿನ ಎರಡು ಪೇಪರ್ ಬಂದವು. ಮಂಗನ ಕಾಯಿಲೆ ಬಗ್ಗೆ ಒಬ್ಬ ಹುಡುಗಿ ಬರೆದದ್ದು 34 ಪರ್ಸೆಂಟ್. ಅಡಿಕೆ ಕೊಳೆರೋಗದ್ದು 6. ಯುಜಿಸಿಯ 2018ರ ನಿಯಮದಲ್ಲಿ 10ರವರೆಗೆ ತೊಂದರೆ ಇಲ್ಲ. ಮೊದಲನೆಯದನ್ನು ವಾಪಸ್ ಕಳಿಸಿ, ಎರಡನೆಯದನ್ನು ಪಾಸ್ ಮಾಡಿದೆ. ಹತ್ತು ನಿಮಿಷದ ಕೆಲಸ.

ವಾರದ ಮೇಲೆ ಎಡಿಟರ್ ಸರ್ ಫೋನ್ ಮಾಡಿದರು. "ಕೊಳೆರೋಗದ ಪೇಪರಿನ 11ನೇ ರೆಫರೆನ್ಸ್ ನಿಮಗೆ ಸಿಗುತ್ತಾ ನೋಡಿ."

ಅದರ ಡಿಒಐ, ಅಂದರೆ ಲೇಖನದ ಆನ್‌ಲೈನ್ ಲಿಂಕ್, ಒತ್ತಿದೆ. ಮೀನು ಸಾಕಣೆಯ ಲೇಖನ ತೆರೆದುಕೊಂಡಿತು. 12ನೆಯದು ನೋಡಿದೆ. ಜರ್ನಲ್ ಇದೆ, ಆ ಸಂಚಿಕೆಯೂ ಇದೆ, ಲೇಖನ ಮಾತ್ರ ಇಲ್ಲ. ಸರ್ ಲೈನ್‌ನಲ್ಲೇ ಇದ್ದರು, ಏನೂ ಮಾತಾಡಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಒಂದೊಂದೇ ಒತ್ತುತ್ತಾ ಹೋದೆ, ಕೈ ತಣ್ಣಗಾಯಿತು. 22ರಲ್ಲಿ 9 ಎಲ್ಲೂ ಇಲ್ಲ.

"ನಾಲ್ಕನೇ ಪುಟ ಓದಿದ್ರಾ?" ಅಂದರು.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಾಡಬೇಕು ಅಂತ ಅಲ್ಲಿ ಬರೆದಿತ್ತು. ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯವಳು. ಮಳೆ ಹಿಡಿಯುವ ಮೊದಲೇ ಅಪ್ಪ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಡ್ರಮ್ಮಿನಲ್ಲಿ ಕಲಸುತ್ತಿದ್ದರು. ಮರ ಹತ್ತಿ ಅದನ್ನು ಹೊಡೆಯುವ ಕೊನೆಗಾರರ ಅಂಗಿಯೆಲ್ಲ ನೀಲಿ ಕಲೆ. ನಲವತ್ತು, ನಲವತ್ತೈದು ದಿನ ಬಿಟ್ಟು ಎರಡನೇ ಸಲ. ಅಕ್ಟೋಬರ್‌ವರೆಗೆ ಕಾದರೆ ಕಾಯೆಲ್ಲ ಉದುರಿ ನೆಲ ಸೇರಿರುತ್ತದೆ. ಆ ಒಂದು ಸಾಲು ಓದಿದ್ದರೆ ನನಗೆ ಅಲ್ಲೇ ಗೊತ್ತಾಗುತ್ತಿತ್ತು. ಓದಿರಲಿಲ್ಲ.

ಈ ಪರ್ಸೆಂಟೇಜ್‌ಗೆ ಸಾಫ್ಟ್‌ವೇರ್ ಹುಡುಕುವುದು ಈಗಾಗಲೇ ಇರುವ ಬರಹದ ಹೋಲಿಕೆಯನ್ನು ಮಾತ್ರ. ಚಾಟ್‌ಜಿಪಿಟಿ ಹೊಸದಾಗಿ ವಾಕ್ಯ ಕಟ್ಟಿ ಕೊಡುತ್ತದೆ, ಇಲ್ಲದ ರೆಫರೆನ್ಸ್‌ನ್ನೂ ಹುಟ್ಟಿಸುತ್ತದೆ. ಹೋಲಿಕೆ ಎಲ್ಲಿಂದ ಬರಬೇಕು? ಲೇಖಕರನ್ನು ಕೇಳಿದಾಗ ಅದರಿಂದಲೇ ಬರೆಸಿದ್ದು ಅಂತ ಒಪ್ಪಿಕೊಂಡರು. "ಹೇಳಬೇಕು ಅಂತ ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲವಲ್ಲ" ಅಂದರು. ಅದು ನಿಜ. ಎಐ ಲೇಖಕ ಆಗಲಾರದು, ಬಳಸಿದ್ದರೆ ತಿಳಿಸಬೇಕು ಅಂತ ಪ್ರಕಟಣಾ ನೀತಿಯ ಸಂಸ್ಥೆ ಕೋಪ್ 2023ರಲ್ಲೇ ಹೇಳಿದೆ. ಡಿಕ್ಲರೇಷನ್ ಫಾರ್ಮಿಗೆ ಆ ಪ್ರಶ್ನೆ ಸೇರಿಸಿ ಅಂತ ನಾನು ಎರಡು ಸಲ ಬರೆದು ಕೊಟ್ಟಿದ್ದೆ. ಎರಡು ಸಲವೂ "ಮುಂದಿನ ಮೀಟಿಂಗ್‌ನಲ್ಲಿ ನೋಡೋಣ." ಪೇಪರ್ ಎಷ್ಟಾಯಿತು ಅನ್ನುವ ಲೆಕ್ಕಕ್ಕೆ ಮಾತ್ರ ಪ್ರತಿ ತಿಂಗಳು ಮೀಟಿಂಗ್ ಇರುತ್ತದೆ.

ಸರ್ ಫೋನ್ ಮಾಡಿದ ದಿನವೇ ಸಂಜೆ, ಮಂಗನ ಕಾಯಿಲೆ ಬಗ್ಗೆ ಬರೆದ ಆ ಹುಡುಗಿಯ ರಿಪೋರ್ಟ್ ಮತ್ತೆ ತೆಗೆದೆ. ರೆಫರೆನ್ಸ್ ಪಟ್ಟಿಯನ್ನು ಬಿಟ್ಟು ಲೆಕ್ಕ ಹಾಕುವ ಟಿಕ್ ನಾನು ಹಾಕಿರಲೇ ಇಲ್ಲ. ಬಿಡಬೇಕು ಅಂತ ಅದೇ ಯುಜಿಸಿ ನಿಯಮದಲ್ಲಿದೆ. ಕೆಂಪಾಗಿ ತೋರಿಸಿದ್ದೆಲ್ಲ ಲೇಖನಗಳ ಹೆಸರು, ರೋಗ ಹರಡುವ ಉಣ್ಣೆ ಹುಳದ ವೈಜ್ಞಾನಿಕ ಹೆಸರು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ರೋಗ ಮೊದಲು ಪತ್ತೆಯಾಯಿತು ಅನ್ನುವ, ಎಲ್ಲರೂ ಬರೆಯಲೇಬೇಕಾದ ಸಾಲು. ಟಿಕ್ ಹಾಕಿ ಓಡಿಸಿದರೆ 8.

ಫೋನ್ ಮಾಡಿ, ತಪ್ಪು ನನ್ನದು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಮೇಡಂ, ಪರ್ಸೆಂಟೇಜ್ ಇಳಿಸೋಕೆ ಚೆನ್ನಾಗಿದ್ದ ವಾಕ್ಯಗಳನ್ನೆಲ್ಲ ಕೆಡಿಸಿಬಿಟ್ಟೆ. ಹಳೇದನ್ನೇ ಕಳಿಸಲಾ?"